ಹೆಳವರ ಪುಸ್ತಕ ನಗೆಪಾಟಲಿನ ವಸ್ತುವಲ್ಲ: ವಾಹಿನಿಯ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು,
ವಂಶಾವಳಿ ಹುಡುಕಾಟದ ಹಾಸ್ಯ ಧಾರಾವಾಹಿಯನ್ನು ಪ್ರಸಾರ ಮಾಡುತ್ತಿರುವ ಮನರಂಜನಾ ವಾಹಿನಿ, ಬೆಂಗಳೂರು.

ವಿಷಯ: ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಊರೂರು ತಿರುಗಿ ಹೇಳುವ ಹೆಳವರನ್ನು ಧಾರಾವಾಹಿಯ ನಾಲ್ಕನೆಯ ವಾರದ ಕಂತಿನಲ್ಲಿ ತೋರಿಸಿದ ರೀತಿಯ ಕುರಿತು.

ಮಾನ್ಯರೇ,

ಸಾದರ ನಮಸ್ಕಾರಗಳು. ನಾನು ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ವಾಸವಾಗಿರುವ ನಿವೃತ್ತ ಕನ್ನಡ ಶಿಕ್ಷಕಿ. ತವರು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. 32 ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ್ದೇನೆ. ಈ ಪತ್ರದಲ್ಲಿ ನಿಮ್ಮ ವಾಹಿನಿಯ ಹೆಸರನ್ನಾಗಲಿ, ಧಾರಾವಾಹಿಯ ಹೆಸರನ್ನಾಗಲಿ, ಕಲಾವಿದರ ಹೆಸರನ್ನಾಗಲಿ ಬರೆದಿಲ್ಲ. ನೋಡಿದವರಿಗೆ ಯಾವುದೆಂದು ತಿಳಿಯುತ್ತದೆ, ನಿಮಗಂತೂ ತಿಳಿದೇ ತಿಳಿಯುತ್ತದೆ. ನಿಮ್ಮನ್ನು ಬೀದಿಗೆ ಎಳೆಯಬೇಕೆಂಬ ಆಸೆ ನನಗಿಲ್ಲ. ನಿಮ್ಮಿಂದ ಒಂದು ಉತ್ತರ ಬೇಕಾಗಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಮೆಚ್ಚುಗೆಯ ಮಾತು. ಅದನ್ನು ಹೇಳದೆ ದೂರಿಗೆ ಇಳಿದರೆ ನನ್ನಿಂದ ಅನ್ಯಾಯವಾದೀತು. ನಿಮ್ಮ ಧಾರಾವಾಹಿಯ ಮೊದಲ ಮೂರು ವಾರಗಳ ಕಂತುಗಳನ್ನು ನಮ್ಮ ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಿದೆವು. ಬಹಳ ವರ್ಷಗಳ ಮೇಲೆ ನನ್ನ ಅತ್ತೆಯವರು, ಮಗ, ಸೊಸೆ, ಮೊಮ್ಮಗ ಎಲ್ಲರೂ ಒಂದೇ ಕಾರ್ಯಕ್ರಮಕ್ಕೆ ನಕ್ಕರು. ತರಕಾರಿಯೊಂದರ ಅಡ್ಡಹೆಸರು ಹೊತ್ತ ಬೆಂಗಳೂರಿನ ಯುವಕ, ಕಚೇರಿಯವರ ಚೇಷ್ಟೆಯ ಮಾತು ಕೇಳಿ ಕೇಳಿ ಸಾಕಾಗಿ, ತನ್ನ ಮನೆತನದ ಮೂಲ ಹುಡುಕುತ್ತ ಧಾರವಾಡದ ಕಡೆಗೆ ಬರುತ್ತಾನೆ. ದಂಡನಾಯಕನೋ ದೇಸಾಯಿಯೋ ಸಿಕ್ಕಾನೆಂದು ಹೊರಟವನಿಗೆ ಮೊದಲು ಸಿಕ್ಕುವುದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಮುತ್ತಜ್ಜ. ಆ ಕಂತಿನ ಕೊನೆಯಲ್ಲಿ ಹಳೆಯ ರಂಗಸಜ್ಜಿಕೆಯ ನಡುವೆ ನಿಂತು, ಮುತ್ತಜ್ಜ ಎಳೆಯುತ್ತಿದ್ದ ಹಗ್ಗವನ್ನು ಅವನು ಕೈಯಲ್ಲಿ ಹಿಡಿದು ನೋಡುತ್ತಾನಲ್ಲ, ಆಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷದ ಅರ್ಜಿ ಬರೆಯುವ ಪ್ರಸಂಗ, ಬದುಕಿರುವ ಕಾಕಾನನ್ನು ಗುಮಾಸ್ತ 'ಮೃತ' ಎಂದು ಬರೆದದ್ದು, ಆ ಕಾಕಾ ಎದುರಿಗೇ ನಿಂತು 'ನಾನು ಚಹಾ ಕುಡಿಯಲು ಹೋಗಿದ್ದೆ' ಎಂದದ್ದು, ಇವೆಲ್ಲ ನಮ್ಮ ಕಡೆಯ ಬದುಕನ್ನು ಬಲ್ಲವರು ಬರೆದ ಹಾಗಿದ್ದವು. ಪೌತಿ ಖಾತೆಗಾಗಿ ಆರು ತಿಂಗಳು ಅಲೆದ ನಮಗೆ ಆ ನಗೆ ಹೊಟ್ಟೆಯೊಳಗಿಂದ ಬಂತು.

ಅದರ ಪರಿಣಾಮವನ್ನೂ ಕಣ್ಣಾರೆ ಕಂಡೆ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಭಜನೆ ಮುಗಿದ ಮೇಲೆ ಹೆಂಗಸರು ತಮ್ಮ ತಮ್ಮ ಅಜ್ಜನ ಅಪ್ಪನ ಹೆಸರು ನೆನಪಿದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳತೊಡಗಿದರು. ಪಕ್ಕದ ಮನೆಯವರು ಊರಿಗೆ ಫೋನ್ ಮಾಡಿ, ಹತ್ತು ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣನನ್ನು 'ನಮ್ಮ ಮುತ್ತಜ್ಜನ ಹೆಸರು ಏನಿತ್ತು?' ಎಂದು ಕೇಳಿದರು. ಜಗಳ ಹೊಲದ ಬದುವಿನದು, ಮಾತು ಶುರುವಾದದ್ದು ಮುತ್ತಜ್ಜನಿಂದ. ಏಳನೆಯ ತರಗತಿಯ ನನ್ನ ಮೊಮ್ಮಗ ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮ ಮನೆತನದ ಗಿಡ ಬರೆದು ಗೋಡೆಗೆ ಅಂಟಿಸಿದ. ಒಂದು ಹಾಸ್ಯ ಧಾರಾವಾಹಿ ಇಷ್ಟು ಮಾಡಿತೆಂದರೆ ಅದಕ್ಕೆ ಕೈ ಮುಗಿಯಬೇಕು.

ಇಂಥ ಧಾರಾವಾಹಿಯ ನಾಲ್ಕನೆಯ ವಾರದಲ್ಲಿ ನೀವು ಹೆಳವನನ್ನು ತಂದಿರಿ.

ಬಂದದ್ದು ಹೇಗೆ? ಒಂದು ಕಾಲು ಎಳೆಯುತ್ತ, ಎಡವುತ್ತ, ಸಗಣಿಯಲ್ಲಿ ಬೀಳುತ್ತ. ಕುಂಟುವ ಒಂದೊಂದು ಹೆಜ್ಜೆಗೂ ನೀವು ಡೋಲಿನ ಸದ್ದು ಕೂಡಿಸಿದ್ದೀರಿ. ಅವನ ಎತ್ತಿನ ಕೊಂಬಿಗೆ ಪ್ಲಾಸ್ಟಿಕ್ ಹೂವು, ಅವನ ಬಾಯಿಗೆ ನಮ್ಮ ಭಾಗದ ಮಾತಿನ ಅಣಕು. ಕಥಾನಾಯಕ ಐನೂರು ರೂಪಾಯಿ ಕೊಟ್ಟರೆ ಅವನ ಮೂಲಪುರುಷ ಕುದುರೆ ಸವಾರ, ಸಾವಿರ ಕೊಟ್ಟರೆ ದಂಡನಾಯಕ, ಎರಡು ಸಾವಿರ ಕೊಟ್ಟರೆ ರಾಜನ ಅಳಿಯ. ಕೊನೆಗೆ ಪುಸ್ತಕ ಬಿಚ್ಚಿದರೆ ಒಳಗೆ ಕಿರಾಣಿ ಅಂಗಡಿಯ ಉದ್ದರಿ ಲೆಕ್ಕ. ಪ್ರೇಕ್ಷಕರು ನಗಲೆಂದು ನೀವೇ ಧ್ವನಿಮುದ್ರಿಸಿದ ನಗೆ ಅಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಮುಂದಿನ ಮಾತೇ ತಿಳಿಯಲಿಲ್ಲ. ಆ ತುಣುಕನ್ನು ವಾರವಿಡೀ ಪ್ರಚಾರಕ್ಕೆ ಬಳಸಿದಿರಿ. ಮೊಬೈಲ್‌ನಲ್ಲಿ ಅದು ಈಗಲೂ ಓಡಾಡುತ್ತಿದೆ.

ನನ್ನ ಅತ್ತೆಯವರಿಗೆ 86 ವರ್ಷ. ಕಂತು ಅರ್ಧ ಆಗಿದ್ದಾಗ ಗೋಡೆ ಹಿಡಿದು ಎದ್ದರು. 'ಆ ಟಿವಿ ಬಂದ್ ಮಾಡಿರಿ' ಎಂದರು. ಏನಾಯಿತು ಎಂದು ಮಗ ಕೇಳಿದ. 'ನನ್ನ ಮಾವನ ಮಾವನ ಹೆಸರು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೇಳಿದವನು ಹೆಳವ. ಅವನನ್ನು ಹೀಗೆ ಬೀಳಿಸಿ ನಗುತ್ತಾರೇನು?' ಎಂದು ಒಳಗೆ ಹೋಗಿ ಮಲಗಿದರು. ಆ ರಾತ್ರಿ ಊಟ ಮಾಡಲಿಲ್ಲ.

ಮರುವಾರ ತವರಿಗೆ ಹೊರಟಿದ್ದೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಕಾಲೇಜು ಹುಡುಗ ಅದೇ ತುಣುಕನ್ನು ನೋಡಿ ನಗುತ್ತಿದ್ದ. ಒಳ್ಳೆಯ ಹುಡುಗ, ನನ್ನ ಚೀಲವನ್ನು ಮೇಲೆ ಎತ್ತಿಟ್ಟವನು ಅವನೇ. 'ತಮ್ಮಾ, ನಿಮ್ಮ ಮನೆಗೆ ಹೆಳವರು ಬರುತ್ತಾರೆಯೇ?' ಎಂದು ಕೇಳಿದೆ. ಅವನು ಆಶ್ಚರ್ಯದಿಂದ ನೋಡಿದ. 'ಹೆಳವರು ನಿಜವಾಗಿಯೂ ಇದ್ದಾರೆಯೇ, ಮೇಡಂ? ಧಾರಾವಾಹಿಗೆಂದು ಹುಟ್ಟಿಸಿದ ಪಾತ್ರ ಅಂದುಕೊಂಡಿದ್ದೆ' ಎಂದ. ನನ್ನ ದೂರಿನ ತಿರುಳು ಆ ಹುಡುಗನ ಮಾತಿನಲ್ಲಿಯೇ ಇದೆ. ಹೆಳವರನ್ನು ಕಂಡು ಬೆಳೆದ ನನ್ನಂಥವರು ನಿಮ್ಮ ಕಂತಿಗೆ ಸಿಟ್ಟಾಗಿ ಸುಮ್ಮನಾಗಬಹುದು. ಕಾಣದೆ ಬೆಳೆದವರಿಗೆ ನೀವು ಮಾಡಿಸಿದ್ದೇ ಮೊದಲ ಪರಿಚಯ.

ಮೂರನೆಯದನ್ನು ಬರೆಯಲು ಸಂಕಟವಾಗುತ್ತದೆ. ನನ್ನ ತಂಗಿ ಹಾವೇರಿ ಜಿಲ್ಲೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಅವಳ ತರಗತಿಯಲ್ಲಿ ಹೆಳವರ ಹುಡುಗನೊಬ್ಬನಿದ್ದಾನೆ. ಕಂತು ಪ್ರಸಾರವಾದ ಮರುದಿನ ಬಿಸಿಯೂಟದ ಸಾಲಿನಲ್ಲಿ ಅವನ ಹಿಂದೆ ನಾಲ್ಕಾರು ಹುಡುಗರು ಕಾಲು ಎಳೆಯುತ್ತ ನಡೆದರು. ತಂಗಿ ಗದರಿಸಿದಳು, ನಿಲ್ಲಿಸಿದರು. ಮಧ್ಯಾಹ್ನ ಆ ಹುಡುಗ ಅವಳ ಮೇಜಿನ ಬಳಿ ಬಂದು, ತಟ್ಟೆ ಇನ್ನೂ ಕೈಯಲ್ಲಿಯೇ ಇತ್ತಂತೆ, 'ಟೀಚರ್, ದಾಖಲೆಯಲ್ಲಿ ಜಾತಿಯ ಹೆಸರನ್ನು ಬದಲಿಸಲು ಬರುತ್ತದೆಯೇ?' ಎಂದು ಕೇಳಿದ.

ಮಾನ್ಯರೇ, ಹೆಳವ ಎಂಬ ಶಬ್ದಕ್ಕೆ ಕನ್ನಡದಲ್ಲಿ ಕುಂಟ ಎಂಬ ಅರ್ಥವಿದೆ. ನಿಮ್ಮ ಬರಹಗಾರರು ನಿಘಂಟು ನೋಡಿ ಆ ಶಬ್ದದ ಮೇಲೆ ಇಡೀ ಪಾತ್ರ ಕಟ್ಟಿದ್ದಾರೆ. ಆದರೆ ಹೆಳವರು ಅದೇ ಶಬ್ದದ ಬಗ್ಗೆ ತಮ್ಮದೇ ಕಥೆ ಹೇಳುತ್ತಾರೆ. ನಡೆಯಲಾಗದ ತಮ್ಮ ಮೂಲಪುರುಷನಿಗೆ ಬಸವಣ್ಣನವರ ಕಾಲದಲ್ಲಿ ಎತ್ತು ಸಿಕ್ಕಿತು, ಅದರ ಮೇಲೆ ಕುಳಿತು ಊರೂರು ತಿರುಗಿ ಮನೆತನಗಳ ಕೀರ್ತಿ ಹೇಳುವ ಕಾಯಕ ಸಿಕ್ಕಿತು ಎಂಬುದು ಆ ಕಥೆ. ಕಾಲಿಲ್ಲದವನನ್ನು ಭಿಕ್ಷೆಗೆ ಕೂರಿಸದೆ ಕಾಯಕಕ್ಕೆ ಏರಿಸಿದ ಕಥೆ ಅದು. ಅದನ್ನು ಕೇಳಿದ್ದರೆ ನಿಮ್ಮ ಬರಹಗಾರರು ಆ ಸಗಣಿಯ ದೃಶ್ಯವನ್ನು ಬರೆಯುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಾನು ಕಂಡ ಹೆಳವರ ಬಗ್ಗೆ ಹೇಳುತ್ತೇನೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಸುಗ್ಗಿ ಮುಗಿದು ಜೋಳ ಮನೆಗೆ ಬಂದಿತ್ತು. ಬೆಳಗಿನ ಹೊತ್ತು ಗಂಟೆಯ ಸದ್ದು ಕೇಳಿ ಹೊರಗೆ ಓಡಿದೆ. ಅಂಗಳದಲ್ಲಿ ಎತ್ತು ನಿಂತಿತ್ತು, ಬೆನ್ನ ಮೇಲೆ ಕಂಬಳಿ, ಕೊರಳಲ್ಲಿ ದೊಡ್ಡ ಗಂಟೆ. ಬಿಳಿ ರುಮಾಲಿನ ಹೆಳವ ನಮ್ಮ ಅಜ್ಜನಿಗೆ ಕೈ ಮುಗಿದು ನಿಂತಲ್ಲಿಯೇ ಶುರು ಮಾಡಿದ. ಮೊದಲು ಬೆಡಗು, ಅಂದರೆ ಕುಲದ ಒಳಗಿನ ನಮ್ಮ ಬಳಿಯ ಹೆಸರು, ಆಮೇಲೆ ಮೂಲ ಊರು, ಅಲ್ಲಿಂದ ಯಾವ ಬರದಲ್ಲಿ ಎದ್ದು ಎಲ್ಲಿಗೆ ಬಂದರು, ಯಾರು ಬಾವಿ ತೋಡಿಸಿದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರ ಪಾಲು ಯಾವ ಕಡೆ ಹರಿಯಿತು. ಧಾತು ಸಂವತ್ಸರದ ಬರ ಎಂದ. 1876ರಿಂದ 78ರವರೆಗೆ ನಮ್ಮ ಬಯಲುಸೀಮೆಯನ್ನು ಬೋಳು ಮಾಡಿದ ಬರವದು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಮನೆತನದ ಇಬ್ಬರು ಅಣ್ಣತಮ್ಮಂದಿರು ಆ ಬರದಲ್ಲಿ ಊರು ಬಿಟ್ಟು ಹೋದದ್ದನ್ನು ಹೆಳವ ರಾಗವಾಗಿ ಹೇಳಿದ. ಧ್ವನಿ ಏರಿಸಲಿಲ್ಲ, ಅಳುವ ನಟನೆ ಮಾಡಲಿಲ್ಲ. ಹೇಳುತ್ತ ಹೇಳುತ್ತ ಕೆಳಗಿಳಿದು ನಮ್ಮ ಅಪ್ಪ, ದೊಡ್ಡಪ್ಪ, ಕಾಕಾಗಳ ಹೆಸರಿಗೆ ಬಂದ. ಅಪ್ಪನ ಹಿಂದೆ ಹುಟ್ಟಿ ಮೂರೇ ವರ್ಷಕ್ಕೆ ತೀರಿಕೊಂಡ ತಮ್ಮನ ಹೆಸರನ್ನೂ ಹೇಳಿದ. ಬಾಗಿಲ ಹಿಂದೆ ನಿಂತಿದ್ದ ನಮ್ಮ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಮಗುವಿನ ಹೆಸರನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅದಕ್ಕೊಂದು ಫೋಟೊ ಇರಲಿಲ್ಲ, ಸರಕಾರಿ ಕಾಗದದಲ್ಲಿ ಗುರುತಿರಲಿಲ್ಲ. ಹೆಳವರ ಪುಸ್ತಕದಲ್ಲಿ ಮಾತ್ರ ಇತ್ತು.

ಅಜ್ಜಿ ಮೊರದ ತುಂಬ ಜೋಳ ತಂದು ಸುರಿದರು, ಒಳಗೆ ಹೋಗಿ ಮತ್ತೊಂದು ಮೊರ ತಂದರು. ನಿಮ್ಮ ಧಾರಾವಾಹಿ ಲಂಚದ ಹಾಗೆ ತೋರಿಸಿದ ಕೊಡುಗೆ ನಮ್ಮ ಅಂಗಳದಲ್ಲಿ ಹೀಗಿತ್ತು.

ಹಣ ಕೊಟ್ಟರೆ ಹೆಳವ ಹೆಸರು ಸೇರಿಸುತ್ತಾನೆ ಎಂಬ ನಿಮ್ಮ ಕಥೆಗೆ ಇನ್ನೊಂದು ಉತ್ತರವಿದೆ. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಪಾಲು ಇರುತ್ತದೆ. ನಮ್ಮ ಮನೆಯಲ್ಲಿ ಹೇಳಿದ ವಂಶಾವಳಿಯನ್ನೇ ಅವರು ನಮ್ಮ ದಾಯಾದಿಗಳ ಮನೆಯಲ್ಲಿಯೂ ಹೇಳಬೇಕು. ಅಲ್ಲಿ ಒಂದು, ಇಲ್ಲಿ ಒಂದು ಎಂದರೆ ಮದುವೆಯ ಹಂದರದಲ್ಲಿಯೋ ಜಾತ್ರೆಯಲ್ಲಿಯೋ ಗೊತ್ತಾಗಿಯೇ ಆಗುತ್ತದೆ. ಎದುರಿಗೆ ಕುಳಿತು ಕೇಳುವ ಮುದುಕರು ಸುಮ್ಮನೆ ಕೇಳುವವರೂ ಅಲ್ಲ. ನಮ್ಮ ಅಜ್ಜ ಒಂದು ಹೆಸರಿನ ಬಳಿ 'ತಡಿ, ಅವನು ಹಿರಿಯನೋ ಕಿರಿಯನೋ?' ಎಂದು ತಡೆದದ್ದು, ಹೆಳವ ಕಣ್ಣು ಮುಚ್ಚಿ ಮೊದಲಿನಿಂದ ಮತ್ತೆ ಹೇಳಿಕೊಂಡು ಬಂದದ್ದು ನನಗೆ ಇಂದಿಗೂ ನೆನಪಿದೆ. ತಪ್ಪುಗಳು ಇರಲಿಲ್ಲ ಎನ್ನುವುದಿಲ್ಲ. ಕೀರ್ತಿ ಹೇಳುವಾಗ ತುಸು ಹೆಚ್ಚು ಹೇಳುವುದೂ ಇತ್ತು. ಆದರೆ ಅಂಗಡಿಯ ಸರಕಿನ ಹಾಗೆ ಬೆಲೆ ಕಟ್ಟಿ ಪೂರ್ವಜರನ್ನು ಮಾರುತ್ತಿದ್ದರೆ ಎರಡು ಸುಗ್ಗಿಯೂ ಆ ಕಾಯಕ ನಡೆಯುತ್ತಿರಲಿಲ್ಲ.

ಅದರ ಉಪಯೋಗವನ್ನು ದೊಡ್ಡವಳಾದ ಮೇಲೂ ಕಂಡೆ. 2011ರಲ್ಲಿ ತವರಿನ ಹೊಲದ ವಾಟ್ನಿ, ಅಂದರೆ ಪಾಲು ಹಂಚಿಕೆ, ಆಗಬೇಕಿತ್ತು. ಅಜ್ಜನ ತಮ್ಮನ ಕವಲು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಗದಗ ಮತ್ತು ಹಾವೇರಿ 1997ರಲ್ಲಿ ಬೇರೆ ಜಿಲ್ಲೆಗಳಾದವು, ಅದಕ್ಕೂ ಹಿಂದಿನದನ್ನು ಹುಡುಕಲು ಅಣ್ಣ ಧಾರವಾಡಕ್ಕೆ ಅಲೆದ. ಸಿಕ್ಕ ಹಳೆಯ ಖರೀದಿ ಪತ್ರ ಮುಂಬಯಿ ಪ್ರಾಂತದ ಕಾಲದ್ದು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಓದಿ ಹೇಳುವವರನ್ನು ಹುಡುಕಲು ಮತ್ತೆ ಎರಡು ತಿಂಗಳು. ಅಷ್ಟರಲ್ಲಿ ಹೆಳವರು ಬಂದರು. ಹಿಂದೆ ಬರುತ್ತಿದ್ದವನ ಮೊಮ್ಮಗ, ಈಗ ಬೈಕಿನ ಮೇಲೆ. ಪುಸ್ತಕ ಬಿಚ್ಚಿ ಆ ಕವಲು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದದ್ದು, ಅಲ್ಲಿ ಯಾವ ಪೇಟೆಯಲ್ಲಿ ಮನೆ ಮಾಡಿದ್ದು, ಎಷ್ಟು ಮಕ್ಕಳು ಎಂದು ಓದಿದ. ಅಣ್ಣ ಆ ವಿಳಾಸ ಹಿಡಿದು ಹೋದ. ಬಾಗಿಲು ತೆಗೆದವರ ಮುಖದಲ್ಲಿ ನಮ್ಮ ಅಜ್ಜನ ಮೂಗಿತ್ತಂತೆ. ಸಹಿ ಹಾಕಿಸಿಕೊಳ್ಳಲು ಹೋದವನು ಮೂರು ದಿನ ಅಲ್ಲಿಯೇ ಉಳಿದು, ಅವರನ್ನು ಕರೆದುಕೊಂಡೇ ಊರಿಗೆ ಬಂದ.

ವಂಶದ ಹೆಮ್ಮೆಯನ್ನು ನಗೆಗೆ ಗುರಿ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಖಂಡಿತ ಮಾಡಿ. ದೊಡ್ಡವರ ವಂಶಾವಳಿಗಳ ಕಡೆ ನೋಡಿ, ಸಾಮಗ್ರಿಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳು ಅವರ ಮೂಲವನ್ನು ಅಯೋಧ್ಯೆಗೆ ಒಯ್ಯುತ್ತವೆ. ಹೊಯ್ಸಳರು ತಮ್ಮನ್ನು ಯದುವಂಶದವರೆಂದು ಕರೆದುಕೊಂಡರು. ಸೂರ್ಯ ಚಂದ್ರರಿಂದ ಇಳಿದು ಬಂದೆವೆಂದು ಕಲ್ಲಿನಲ್ಲಿ ಕೆತ್ತಿಸಿದ ಅರಸರು ಎಷ್ಟಿಲ್ಲ! ನಿಮ್ಮ ಕಥಾನಾಯಕನ ಚಪಲವೂ ಅಂಥದೇ. ಪರದೆ ಎಳೆದ ಮುತ್ತಜ್ಜ ಸಾಲದು, ದಂಡನಾಯಕ ಬೇಕು. ಮೊದಲ ಮೂರು ವಾರ ನಿಮ್ಮ ನಗೆಯೆಲ್ಲ ಆ ಚಪಲದ ಮೇಲಿತ್ತು, ಅದಕ್ಕೇ ರುಚಿ ಇತ್ತು. ನಾಲ್ಕನೆಯ ವಾರ ಸುಳ್ಳು ಬಯಸಿದವನು ಮುಗ್ಧನಾಗಿ ಉಳಿದ, ಬಡವ ಮೋಸಗಾರನಾದ.

ನಾನು ಬೀದಿಗೆ ಬರುವ ಮೊದಲು ನಿಮ್ಮ ಬಾಗಿಲನ್ನೇ ತಟ್ಟಿದ್ದೆ ಎಂಬುದನ್ನು ಓದುಗರಿಗೂ ತಿಳಿಸಬೇಕು. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪ್ರೇಕ್ಷಕರ ದೂರು ತಲುಪಿದ್ದಕ್ಕೆ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ದೂರನ್ನು ತೀರ್ಮಾನಿಸಬೇಕು. ನಿಮ್ಮ ಸ್ವೀಕೃತಿ ಹೊತ್ತಿಗೆ ಸರಿಯಾಗಿ ಬಂತು. ಹದಿನಾಲ್ಕನೆಯ ದಿನ ಬಂದ ಉತ್ತರದಲ್ಲಿ ಎರಡೇ ವಾಕ್ಯಗಳಿದ್ದವು. ಪಾತ್ರಗಳೆಲ್ಲ ಕಾಲ್ಪನಿಕವೆಂದು ಕಂತಿನ ಆರಂಭದಲ್ಲಿ ತಿಳಿಸಲಾಗಿದೆ, ಹಾಸ್ಯವನ್ನು ಹಾಸ್ಯವಾಗಿ ಸ್ವೀಕರಿಸಬೇಕಾಗಿ ವಿನಂತಿ. ಕಥಾನಾಯಕ ಕಾಲ್ಪನಿಕ, ಒಪ್ಪುತ್ತೇನೆ. ಹೆಳವ ಎಂಬುದು ಒಂದು ಸಮುದಾಯದ ಹೆಸರು. ಅದು ಕರ್ನಾಟಕ ಸರಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ, ಅಲೆಮಾರಿ ಸಮುದಾಯಗಳ ಪಟ್ಟಿಯಲ್ಲಿದೆ, ನನ್ನ ತಂಗಿಯ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಅದೇ ನಿಯಮಗಳ 6ನೇ ನಿಯಮ, ಜನಾಂಗ, ಭಾಷೆ, ಪ್ರದೇಶದ ಗುಂಪುಗಳನ್ನು ಹೀಗಳೆಯುವ, ಕೀಳಾಗಿ ಕಾಣುವ ದೃಶ್ಯಗಳನ್ನೂ ಮಾತುಗಳನ್ನೂ ಪ್ರಸಾರ ಮಾಡಬಾರದು ಎನ್ನುತ್ತದೆ. ಮೂರು ಸೆಕೆಂಡು ಮೂಡಿ ಮರೆಯಾಗುವ ಸಣ್ಣ ಅಕ್ಷರದ ಸೂಚನೆ ಈ ಹೊಣೆಯನ್ನು ತೊಳೆದುಹಾಕುವುದಿಲ್ಲ.

ಇಲ್ಲಿ ನಮ್ಮ ಭಾಗದ ಪ್ರೇಕ್ಷಕ ಬಂಧುಗಳಿಗೂ ಒಂದು ಮಾತು ಹೇಳಲೇಬೇಕು. ಆ ಕಂತಿಗೆ ಸಿಟ್ಟಾದವರು ನಾನೊಬ್ಬಳೇ ಅಲ್ಲ. ಕೆಲವರು ಧಾರಾವಾಹಿಯನ್ನೇ ನಿಲ್ಲಿಸಬೇಕು ಎನ್ನುತ್ತಿದ್ದಾರೆ. ಇನ್ನು ಕೆಲವರು ಹೆಳವನ ಪಾತ್ರ ಮಾಡಿದ ಕಲಾವಿದನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಿದ್ದಾರೆಂದು ಕೇಳಿದೆ. ಅದು ತಪ್ಪು. ಬರೆದುಕೊಟ್ಟದ್ದನ್ನು ಆಡಿದವನ ಮನೆಯ ಹೆಂಗಸರು ಮಕ್ಕಳನ್ನು ಎಳೆದು ಬೈಯುವುದು ಯಾವ ನ್ಯಾಯ? ಧಾರಾವಾಹಿ ನಿಲ್ಲುವುದೂ ನನಗೆ ಬೇಡ. ನಿಂತರೆ ಕೊನೆಗೆ ಉಳಿಯುವುದು ಆ ಸಗಣಿಯ ದೃಶ್ಯವೇ. ಮುಂದುವರಿಯಬೇಕು, ತಿದ್ದಿಕೊಳ್ಳಬೇಕು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆಗಳು ಇವು. ಪ್ರಚಾರಕ್ಕೆ ಬಳಸುತ್ತಿರುವ ಆ ತುಣುಕನ್ನು ಟಿವಿಯಿಂದಲೂ ನಿಮ್ಮ ಆ್ಯಪ್‌ನಿಂದಲೂ ಕೂಡಲೇ ತೆಗೆಯಿರಿ. ಇಡೀ ಕಂತನ್ನು ಅಳಿಸಿ ಎನ್ನುವುದಿಲ್ಲ, ಕುಂಟುವ ದೃಶ್ಯವನ್ನೂ ಹಣಕ್ಕೆ ಹೆಸರು ಮಾರುವ ದೃಶ್ಯವನ್ನೂ ಕತ್ತರಿಸಿ ಮರುಪ್ರಸಾರ ಮಾಡಿ. ನಿಮ್ಮ ಬರಹಗಾರರನ್ನು ಒಂದು ವಾರ ಈ ಕಡೆಗೆ ಕಳುಹಿಸಿ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ನಮ್ಮ ಭಾಗದ ಇತಿಹಾಸವನ್ನು ಬಲ್ಲ ವಿದ್ವಾಂಸರನ್ನು ಕಾಣಲಿ. ಅದಕ್ಕಿಂತ ಮುಖ್ಯವಾಗಿ ಹೆಳವರ ಬಿಡಾರದಲ್ಲಿಯೇ ಕುಳಿತು ಕೇಳಲಿ. ಮುಂದಿನ ಕಂತುಗಳಲ್ಲಿ ಒಬ್ಬ ಹೆಳವನನ್ನು ಪುಸ್ತಕ ಹಿಡಿದು ತಲೆ ಎತ್ತಿ ನಿಂತವನಾಗಿ ತನ್ನಿ. ಅವನೂ ನಗಿಸಲಿ. ನನ್ನ ಬಾಲ್ಯದ ಹೆಳವ ಎಷ್ಟು ಚೆನ್ನಾಗಿ ನಗಿಸುತ್ತಿದ್ದ! ನಮ್ಮ ಮುತ್ತಜ್ಜನೊಬ್ಬ ಸಂತೆಯಲ್ಲಿ ಎತ್ತು ಮಾರಿ, ಸಂಜೆಗೆ ಅದೇ ಎತ್ತನ್ನು ಹೆಚ್ಚು ಹಣಕ್ಕೆ ಕೊಂಡು ತಂದ ಕಥೆಯನ್ನು ಅವನು ಹೇಳುವಾಗ ಅಜ್ಜ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಇನ್ನೊಂದು ಬೇಡಿಕೆ ಇದೆ, ಇದು ದೂರಲ್ಲ. ನಿಮ್ಮ ಕಥಾನಾಯಕ ಇಲ್ಲಿಯವರೆಗೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಂಡಸರನ್ನು ಮಾತ್ರ ಹುಡುಕಿದ್ದಾನೆ. ಗದಗಿಗೆ ಹೋದ ಆ ಬಸ್ಸು ಅಣ್ಣಿಗೇರಿಯಲ್ಲಿ ನಿಂತಾಗ ಆ ಕಾಲೇಜು ಹುಡುಗನಿಗೆ ಕಿಟಕಿಯಾಚೆ ತೋರಿಸಿ ಹೇಳಿದೆ. ಆದಿಕವಿ ಪಂಪನಿಗೂ ಈ ಊರಿಗೂ ನಂಟಿದೆ ಎಂದು ಶಾಸನದಿಂದ ನಮಗೆ ತಿಳಿದದ್ದು ಅವನ ತಾಯಿಯ ಕಡೆಯಿಂದ. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದಲ್ಲಿ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ, ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಹೇಳಿದ್ದಾನೆ. ಸಾವಿರ ವರ್ಷದ ಹಿಂದೆ ಒಬ್ಬ ಮಗ ತಾಯಿಯ ತವರನ್ನು ಕಲ್ಲಿನಲ್ಲಿ ಬರೆಸಿದ. ನನ್ನ ಮೊಮ್ಮಗ ಗೋಡೆಗೆ ಅಂಟಿಸಿದ ಗಿಡದಲ್ಲಿ ಆರು ತಲೆಮಾರಿನ ಗಂಡಸರಿದ್ದಾರೆ, ನನ್ನ ಅತ್ತೆಯವರ ತಾಯಿಯ ಹೆಸರಿಲ್ಲ. ಕೇಳಿದರೆ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು' ಎಂದರು. ಆಮೇಲೆ ರಾತ್ರಿ ಮಲಗುವ ಮುಂಚೆ ನನ್ನನ್ನು ಕೂಗಿ ಹೆಸರು ಹೇಳಿದರು. ನಿಮ್ಮ ಕಥಾನಾಯಕನೂ ಒಮ್ಮೆ ಅಜ್ಜಿಯ ತಾಯಿಯನ್ನು ಹುಡುಕಿಕೊಂಡು ಹೊರಡಲಿ. ಆ ದಾರಿಯಲ್ಲಿ ನಗೆಯೂ ಇದೆ, ಉಳಿದದ್ದೂ ಇದೆ.

ತವರಿನಲ್ಲಿದ್ದಾಗ ನಮ್ಮ ಮನೆಯ ಹೆಳವರಿಗೆ ಫೋನ್ ಮಾಡಿದ್ದೆ. ಅವರೂ ಕಂತು ನೋಡಿದ್ದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: 'ಅಕ್ಕಾರೇ, ಈ ಸಲ ಅಂಗಳದಲ್ಲಿ ನಿಂತು ಹೇಳಲೋ, ಒಳಗೆ ಬಂದು ಸದ್ದಿಲ್ಲದೆ ಬರೆದುಕೊಂಡು ಹೋಗಲೋ? ಓಣಿಯ ಹುಡುಗರು ನಗುತ್ತಾರೆ.' ಅಂಗಳದಲ್ಲಿಯೇ ನಿಲ್ಲಬೇಕು ಎಂದು ಅಣ್ಣ ಫೋನ್ ಕಸಿದುಕೊಂಡು ಹೇಳಿದ. ಜೋಳದ ರಾಶಿ ಮುಗಿದ ಮೇಲೆ, ಹೋಳಿ ಹುಣ್ಣಿಮೆಯ ಮಗ್ಗುಲಿಗೆ ಬರುತ್ತಾರೆ. ಈ ಸಲ ನನ್ನ ಮೊಮ್ಮಗನ ಗಿಡವನ್ನೂ ಒಯ್ಯುತ್ತೇವೆ, ಅತ್ತೆಯವರ ತಾಯಿಯ ಹೆಸರನ್ನೂ ಓದಿ ಹೇಳುತ್ತೇವೆ.

ನೀವೂ ನಿಮ್ಮ ಬರಹಗಾರರೂ ಆ ದಿನ ಬನ್ನಿ. ಕ್ಯಾಮೆರಾ ತರುವುದು ಬೇಡ. ಪಡಸಾಲೆಯಲ್ಲಿ ಕಂಬಳಿ ಹಾಸಿರುತ್ತೇವೆ, ರೊಟ್ಟಿ ಊಟವಿರುತ್ತದೆ. ನನ್ನ ಫೋನ್ ಸಂಖ್ಯೆ ನಿಮ್ಮ ದೂರು ವಿಭಾಗದ ಬಳಿ ಇದೆ.

ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಉಣಕಲ್, ಹುಬ್ಬಳ್ಳಿ